ಯುದ್ಧ ಮುಗಿದ ಮೇಲೆ ಗುಡಿಸೋರು ಯಾರು? ಏಳನೇ ತರಗತಿಯ ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಏಳನೇ ತರಗತಿಯ ವಿಜ್ಞಾನದ ಪೀರಿಯಡ್‌ನಲ್ಲಿ ಮಕ್ಕಳಿಗೆ ಒಂದು ಫೋಟೋ ತೋರಿಸಿದೆವು. ಮೈತುಂಬ ಕಚ್ಚಾ ತೈಲ ಮೆತ್ತಿಕೊಂಡ ಒಂದು ನೀರುಕಾಗೆ. ರೆಕ್ಕೆ ಬಿಚ್ಚೋಕೆ ನೋಡುತ್ತಿದೆ, ಆಗುತ್ತಿಲ್ಲ. ಅದನ್ನು ನೋಡಿದ ಒಬ್ಬಳು ಹುಡುಗಿ ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ. ಸಂಜೆ ಅವಳ ತಾಯಿ ಫೋನ್ ಮಾಡಿ, "ಇಷ್ಟು ಚಿಕ್ಕ ಮಕ್ಕಳಿಗೆ ಇದೆಲ್ಲ ಈಗಲೇ ಬೇಕಾ ಮೇಡಂ?" ಅಂತ ಕೇಳಿದರು. ಮರುದಿನ ಇನ್ನೂ ಇಬ್ಬರು ಕೇಳಿದರು. ಒಬ್ಬ ತಂದೆಯವರದು ಬೇರೆಯೇ ಚಿಂತೆ, ಶಾಲೆಯಲ್ಲಿ ರಾಜಕೀಯ ಬೇಡ ಅಂತ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಅಂಥ ಫೋಟೋ ತೋರಿಸುವ ಮುಂಚೆ ನಿಮಗೆ ಒಂದು ಮಾತು ತಿಳಿಸಬೇಕಿತ್ತು. ಆ ಪಾಠದ ಟಿಪ್ಪಣಿ ನನ್ನ ಮೇಜಿಗೂ ಬಂದಿತ್ತು, ಓದಿ ಸಹಿ ಹಾಕಿದವಳು ನಾನೇ. ಹಾಗಾಗಿ ವಿಜ್ಞಾನದ ಮೇಡಂ ಮೇಲೆ ಯಾರೂ ಬೇಸರ ಮಾಡಿಕೊಳ್ಳಬೇಡಿ. ಆದರೆ ಪಾಠ ನಿಲ್ಲಿಸುವುದಿಲ್ಲ. ಯಾಕೆ ಅಂತ ಹೇಳೋಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡಿಕೊಂಡು ಓದಿ.

ಆ ಹಕ್ಕಿಯ ಕಥೆ 1991ರದು. ಕೊಲ್ಲಿ ಯುದ್ಧದಲ್ಲಿ ಸೋತು ಕುವೈತ್ ಬಿಟ್ಟು ಹೊರಟ ಇರಾಕಿನ ಸೇನೆ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿ ಇಟ್ಟಿತು. ಸಮುದ್ರಕ್ಕೂ ಅಪಾರ ತೈಲ ಸೇರಿತು. ಫೆಬ್ರವರಿ ಕೊನೆಗೆ ಯುದ್ಧ ಮುಗಿಯಿತು, ಬೆಂಕಿ ಮುಗಿಯಲಿಲ್ಲ. ಹೊಗೆಗೆ ಹಗಲೇ ಕತ್ತಲಾಗುತ್ತಿತ್ತು. ಬೇರೆ ಬೇರೆ ದೇಶಗಳ ತಂಡಗಳು ಬಂದು ಒಂದೊಂದೇ ಬಾವಿ ಆರಿಸಿಕೊಂಡು ಹೋದವು. ಕೊನೆಯದನ್ನು ಮುಚ್ಚುವಷ್ಟರಲ್ಲಿ ನವೆಂಬರ್ 6 ಆಗಿತ್ತು. ಮರುಭೂಮಿಯಲ್ಲಿ ಅಲ್ಲಲ್ಲಿ ತೈಲ ನಿಂತು ಕೆರೆಗಳಾಗಿದ್ದವು. ವಲಸೆ ಹಕ್ಕಿಗಳಿಗೆ ಮೇಲಿಂದ ಅದು ನೀರಿನ ಹಾಗೇ ಕಾಣುತ್ತದೆ. ಇಳಿದವು, ಮತ್ತೆ ಏಳಲಿಲ್ಲ. ಹಕ್ಕಿಯ ಗರಿಗೆ ಎಣ್ಣೆ ಹತ್ತಿದರೆ ಗರಿ ಗರಿಗೆ ಅಂಟಿಕೊಂಡು ಮೈಯ ಬಿಸಿ ಸೋರಿಹೋಗುತ್ತದೆ. ಹಕ್ಕಿ ಸುಮ್ನೆ ಕೂರುವುದಿಲ್ಲ, ಕೊಕ್ಕಿನಿಂದ ಗರಿ ತೀಡಿ ಕ್ಲೀನ್ ಮಾಡಿಕೊಳ್ಳೋಕೆ ಹೋಗುತ್ತದೆ. ಹಾಗೆ ತೀಡುತ್ತಾ ತೀಡುತ್ತಾ ಅದೇ ವಿಷವನ್ನು ನುಂಗುತ್ತದೆ.

ಇಷ್ಟು ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಕೇಳಿದನಂತೆ, "ಮಿಸ್, ಯುದ್ಧ ಮುಗಿದ ಮೇಲೆ ಇದನ್ನೆಲ್ಲ ಯಾರು ಗುಡಿಸ್ತಾರೆ?" ಆ ವಾರ ತರಗತಿ ಗುಡಿಸುವ ಸರದಿ ಅವನದು. ಅದಕ್ಕೇ ಅವನಿಗೆ ಹಾಗೆ ಹೊಳೆದಿರಬೇಕು. ಮಕ್ಕಳೆಲ್ಲ ನಕ್ಕರಂತೆ. ಮೇಡಂ ಸ್ಟಾಫ್ ರೂಮಿಗೆ ಬಂದು ಹೇಳಿದಾಗ ನಮಗ್ಯಾರಿಗೂ ನಗು ಬರಲಿಲ್ಲ. ಎಷ್ಟು ವರ್ಷ ಇತಿಹಾಸ ಪಾಠ ಮಾಡಿದ್ದೇನೆ! ಯುದ್ಧ ಶುರುವಾದ ಇಸವಿ, ಮುಗಿದ ಇಸವಿ, ಒಪ್ಪಂದದ ಹೆಸರು, ಎಲ್ಲ ಬಾಯಿಪಾಠ ಮಾಡಿಸಿದ್ದೇನೆ. ಆಮೇಲೆ ಗುಡಿಸಿದವರು ಯಾರು ಅಂತ ಒಂದು ದಿನವೂ ಕೇಳಿರಲಿಲ್ಲ. ಹಾಗಾಗಿ ಈ ತಿಂಗಳ ಪ್ರಾಜೆಕ್ಟ್‌ಗೆ ಅದೇ ಪ್ರಶ್ನೆ ಇಟ್ಟುಕೊಂಡೆವು. ಯಾವ ದೇಶ ಸರಿ, ಯಾವುದು ತಪ್ಪು ಎಂಬ ಚರ್ಚೆ ಇದರಲ್ಲಿಲ್ಲ. ರಾಜಕೀಯದ ಬಗ್ಗೆ ಕೇಳಿದ ತಂದೆಯವರಿಗೆ ಇದೇ ನನ್ನ ಉತ್ತರ.

ಮಕ್ಕಳು ಹುಡುಕಿ ತಂದದ್ದರಲ್ಲಿ ಕೆಲವು ನನಗೂ ಹೊಸದು. ಫ್ರಾನ್ಸಿನ ವೆರ್ಡನ್ ಹೆಸರು ಕೇಳಿರುತ್ತೀರಿ. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಅಲ್ಲಿ ಸುಮಾರು 300 ದಿನ ಕಾದಾಡಿದರು. ಸುತ್ತಲಿನ 9 ಹಳ್ಳಿಗಳು ನೆಲಸಮವಾದವು. ಅದರಲ್ಲಿ 6 ಹಳ್ಳಿಗಳನ್ನು ಮತ್ತೆ ಕಟ್ಟಲೇ ಇಲ್ಲ. ಒಬ್ಬರೂ ವಾಸವಿಲ್ಲದ ಆ ಹಳ್ಳಿಗಳಿಗೆ ನೆನಪಿಗಾಗಿ ಇವತ್ತಿಗೂ ಮೇಯರ್ ಇದ್ದಾರೆ! ಮಣ್ಣಿನಲ್ಲಿ ಸಿಡಿಯದ ಶೆಲ್‌ಗಳು ಈಗಲೂ ಸಿಗುತ್ತವೆ, ನೂರು ವರ್ಷ ದಾಟಿದ ಮೇಲೂ. ಆದರೆ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಯುದ್ಧದ ನಂತರ ಉಳಿದ ವಿಷಾನಿಲದ ಶೆಲ್‌ಗಳನ್ನು ಒಂದು ಕಡೆ ಗುಡ್ಡೆ ಹಾಕಿ ಸುಟ್ಟರು. ಅಂದರೆ ಗುಡಿಸಿದರು, ಅವರಿಗೆ ತಿಳಿದ ಹಾಗೆ. ಆ ಸುಟ್ಟ ಜಾಗದ ಮಣ್ಣಿನಲ್ಲಿ ಆರ್ಸೆನಿಕ್ ಎಂಬ ವಿಷ ಎಷ್ಟು ಸೇರಿತೆಂದರೆ, ಸುತ್ತ ಕಾಡು ಬೆಳೆದರೂ ಅಲ್ಲಿ ಮಾತ್ರ ಬೋಳು ನೆಲ ಉಳಿಯಿತು. ಗುಡಿಸಿದ ಕಸವೂ ಎಲ್ಲೋ ಒಂದು ಕಡೆ ಹೋಗಲೇಬೇಕಲ್ವಾ?

ವಿಯೆಟ್ನಾಂನಲ್ಲಿ 1961ರಿಂದ 1971ರವರೆಗೆ ಅಮೆರಿಕದ ಸೇನೆ ವಿಮಾನಗಳಿಂದ ಕಾಡುಗಳ ಮೇಲೆ ಎಲೆ ಉದುರಿಸುವ ಔಷಧಿ ಸಿಂಪಡಿಸಿತು. ಒಟ್ಟು 7 ಕೋಟಿ ಲೀಟರಿಗೂ ಜಾಸ್ತಿ. ಶತ್ರು ಮರೆಯಲ್ಲಿ ಅಡಗಬಾರದು ಅನ್ನುವುದು ಲೆಕ್ಕ. ಅದರಲ್ಲಿ ಹೆಚ್ಚಿನದು ಏಜೆಂಟ್ ಆರೆಂಜ್, ಅದರೊಳಗೆ ಡೈಆಕ್ಸಿನ್ ಎಂಬ ವಿಷ ಬೆರೆತಿತ್ತು. ಈ ವಿಷ ನೀರಿನಲ್ಲಿ ಕರಗಿ ಹೋಗುವಂಥದ್ದಲ್ಲ. ಕೆರೆಯ ತಳದ ಕೆಸರಿಗೆ ಅಂಟುತ್ತದೆ, ಅಲ್ಲಿಂದ ಮೀನಿನ ಕೊಬ್ಬಿಗೆ, ಮೀನು ತಿಂದವರ ಮೈಗೆ, ತಾಯಿಯ ಎದೆಹಾಲಿಗೆ. ಯುದ್ಧ ನೋಡದ ಮಗುವಿಗೂ ಪಾಲು ಸಿಗುತ್ತದೆ. ಔಷಧಿಯ ಡ್ರಮ್‌ಗಳನ್ನು ಇಟ್ಟಿದ್ದ ಡಾ ನಾಂಗ್ ವಿಮಾನ ನೆಲೆಯ ಮಣ್ಣನ್ನು ಶುದ್ಧ ಮಾಡುವ ಕೆಲಸ ಮುಗಿದದ್ದು 2018ರಲ್ಲಿ. ಹೇಗೆ ಮಾಡಿದರು ಗೊತ್ತಾ? ಮಣ್ಣನ್ನು ಅಗೆದು, ದೊಡ್ಡ ಕಟ್ಟೆಯೊಳಗೆ ತುಂಬಿ, 335 ಡಿಗ್ರಿಗೆ ಕಾಯಿಸಿದರು. "ಮಣ್ಣನ್ನು ಬೇಯಿಸಿದರು ಮಿಸ್" ಅಂತ ಒಬ್ಬಳು ಚಾರ್ಟ್ ಮೇಲೆ ಬರೆದಿದ್ದಾಳೆ, ನಾನು ತಿದ್ದಲಿಲ್ಲ. ಆ ಕೆಲಸವನ್ನು ಹಿಂದೆ ಕಾದಾಡಿದ ಎರಡೂ ದೇಶಗಳು ಸೇರಿ ಮಾಡಿದವು ಅನ್ನುವುದನ್ನು ಮಾತ್ರ ಅವಳ ಚಾರ್ಟಿನಲ್ಲಿ ಸೇರಿಸೋಕೆ ಹೇಳಿದೆ. ಅದೇ ದೇಶದ ಕಾನ್ ಜೋ ಎಂಬಲ್ಲಿ ಸತ್ತುಹೋಗಿದ್ದ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಜನ 1978ರಿಂದ ಕೆಸರಿನಲ್ಲಿ ನಿಂತು ಒಂದೊಂದೇ ಗಿಡ ನೆಟ್ಟು ಮತ್ತೆ ಬೆಳೆಸಿದರು. 2000ದಲ್ಲಿ ಯುನೆಸ್ಕೋ ಅದನ್ನು ಜೀವಗೋಳ ಮೀಸಲು ಪ್ರದೇಶ ಅಂತ ಗುರುತಿಸಿತು.

ಇದು ಹಳೇ ಕಥೆ ಅಂತಲೂ ಅಲ್ಲ. 2023ರ ಜೂನ್ 6ರಂದು ಉಕ್ರೇನಿನ ಕಾಖೋವ್ಕಾ ಅಣೆಕಟ್ಟು ಒಡೆದದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ಕೆಳಗಿನ ಊರುಗಳು ಮುಳುಗಿದವು, ಮೇಲಿನ ಜಲಾಶಯ ಬರಿದಾಗಿ ಮೀನುಗಳು ಒಣ ನೆಲದಲ್ಲಿ ಬಿದ್ದಿದ್ದವು.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಗಾವಾ. ಇದು ಆಫ್ರಿಕಾದ ಒಂದು ಜಾತಿಯ ಹೆಗ್ಗಣ, ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಕ. ಟಾಂಜಾನಿಯಾದಲ್ಲಿ ತರಬೇತಿ ಪಡೆದು ಕಾಂಬೋಡಿಯಾಕ್ಕೆ ಬಂತು. ಅಲ್ಲಿ ಹೊಲಗಳಲ್ಲಿ ಹೂತಿದ್ದ ನೆಲಬಾಂಬುಗಳನ್ನು ಮೂಸಿ ಪತ್ತೆಹಚ್ಚುವುದೇ ಅದರ ಕೆಲಸ. ಸ್ಫೋಟಕದ ವಾಸನೆ ಸಿಕ್ಕಿದ ಕಡೆ ನಿಂತು ಮಣ್ಣು ಕೆರೆಯುತ್ತದೆ. ಹಗುರವಾದ್ದರಿಂದ ಅದು ತುಳಿದರೂ ಬಾಂಬು ಸಿಡಿಯುವುದಿಲ್ಲ. ಲೋಹಶೋಧಕ ಹಿಡಿದ ಮನುಷ್ಯನಿಗೆ ನಾಲ್ಕು ದಿನ ಹಿಡಿಯಬಹುದಾದ, ಟೆನಿಸ್ ಅಂಕಣದಷ್ಟು ಜಾಗವನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಿತ್ತು. ನೂರಕ್ಕೂ ಹೆಚ್ಚು ಸ್ಫೋಟಕಗಳನ್ನು ಹುಡುಕಿಕೊಟ್ಟಿತು. 2020ರಲ್ಲಿ ಬ್ರಿಟನ್ನಿನ ಒಂದು ಪ್ರಾಣಿದಯಾ ಸಂಸ್ಥೆ ಅದಕ್ಕೆ ಚಿನ್ನದ ಪದಕ ಕೊಟ್ಟಿತು. 2022ರ ಜನವರಿಯಲ್ಲಿ ವಯಸ್ಸಾಗಿ ತೀರಿಕೊಂಡಿತು. ಹಿಂದಿನ ಬೆಂಚಿನ ಹುಡುಗನಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕ ಖುಷಿ. "ಹೆಗ್ಗಣ ಗುಡಿಸ್ತದೆ" ಅಂತ ಕಾರಿಡಾರ್ ತುಂಬ ಹೇಳಿಕೊಂಡು ಓಡಾಡಿದ.

ಮೊಜಾಂಬಿಕ್‌ನ ಆನೆಗಳ ವಿಷಯಕ್ಕೆ ಬಂದಾಗ ಆ ಖುಷಿ ಸ್ವಲ್ಪ ಇಳಿಯಿತು. ಅಲ್ಲಿನ ಗೊರೊಂಗೋಸಾ ಅಭಯಾರಣ್ಯದ ಸುತ್ತ 1977ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ದಂತ ಮಾರಿ ಬಂದೂಕು ಕೊಂಡರು. ಸುಮಾರು 2,500 ಆನೆಗಳಿದ್ದ ಕಡೆ 2000ದ ಹೊತ್ತಿಗೆ 250 ಕೂಡ ಉಳಿಯಲಿಲ್ಲ. ಆಫ್ರಿಕಾದಲ್ಲಿ ಹೆಣ್ಣಾನೆಗೂ ದಂತ ಇರುತ್ತದೆ. ಹುಟ್ಟಿನಿಂದಲೇ ದಂತ ಇಲ್ಲದ ಹೆಣ್ಣಾನೆಗಳು ಮೊದಲು ಐದರಲ್ಲಿ ಒಂದಕ್ಕಿಂತ ಕಡಿಮೆ ಇದ್ದವು, ಯುದ್ಧ ಕಳೆದ ಮೇಲೆ ನೋಡಿದರೆ ಅರ್ಧಕ್ಕರ್ಧ. ದಂತ ಇಲ್ಲದ್ದನ್ನು ಕೊಂದದ್ದು ಕಡಿಮೆ, ಅದಕ್ಕೇ ಅವು ಹೆಚ್ಚಾಗಿ ಉಳಿದವು, ಅವುಗಳ ಹೆಣ್ಣುಮರಿಗಳಲ್ಲೂ ಅನೇಕಕ್ಕೆ ದಂತ ಬರಲಿಲ್ಲ. ಈ ಲೆಕ್ಕವನ್ನು 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮಣ್ಣನ್ನಾದರೂ ಕಾಯಿಸಬಹುದು. ಇದನ್ನು ಯಾವ ಪೊರಕೆಯಿಂದ ಗುಡಿಸುವುದು?

ಒಂದು ಪ್ರಶ್ನೆಗೆ ಮಾತ್ರ ನಾವು ಟೀಚರುಗಳೇ ತಡಬಡಾಯಿಸಿದೆವು. ಎರಡು ಕೊರಿಯಾಗಳ ಮಧ್ಯೆ 1953ರಿಂದ ಸುಮಾರು 250 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲದ ಒಂದು ಪಟ್ಟಿ ಇದೆ. ಸಾಮಾನ್ಯ ಜನಕ್ಕೆ ಪ್ರವೇಶ ಇಲ್ಲ. ಅಲ್ಲಿ ಕಾಡು ಬೆಳೆದಿದೆ, ಅದರ ಆಸುಪಾಸಿಗೆ ಚಳಿಗಾಲದಲ್ಲಿ ಕೆಂಪು ನೆತ್ತಿಯ ಕ್ರೌಂಚಗಳು ಬರುತ್ತವೆ. "ಹಾಗಾದ್ರೆ ಯುದ್ಧದಿಂದ ಪ್ರಾಣಿಗಳಿಗೆ ಒಳ್ಳೆದಾಯ್ತಲ್ಲ ಮಿಸ್?" ಅಂತ ಒಬ್ಬಳು ಕೇಳಿದಳು. ಅಲ್ಲಿ ನೆಲದಲ್ಲಿ ಬಾಂಬುಗಳಿವೆ ಅಂತ ಹೇಳಿ ನೋಡಿದೆವು, ಅವಳಿಗೆ ಸಮಾಧಾನ ಆಗಲಿಲ್ಲ. ಕೊನೆಗೆ ಪಕ್ಕದಲ್ಲಿದ್ದ ಹುಡುಗನೇ ಹೇಳಿದ, "ಒಳ್ಳೆದು ಮಾಡಿದ್ದು ಯುದ್ಧ ಅಲ್ಲ ಕಣೇ, ಜನ ಇಲ್ದೇ ಇರೋದು." ನಾವು ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆ ಮಾತಿನಿಂದಲೇ ಪಾಠ ಯುದ್ಧ ಬಿಟ್ಟು ನಮ್ಮ ಕಡೆ ತಿರುಗಿತು. ಬಾಂಬು ಬೀಳದ ಊರಲ್ಲೂ ವಿಷ ಇರುತ್ತದೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಐದು ದಿನ ಕಲ್ಲಿದ್ದಲಿನ ಹೊಗೆ ಮಂಜಿನ ಜೊತೆ ಸೇರಿ ನೆಲಕ್ಕೇ ಕೂತಿತು. ಬಸ್ಸಿನ ಮುಂದೆ ಕಂಡಕ್ಟರ್ ದೀಪ ಹಿಡಿದು ನಡೆಯಬೇಕಾಯಿತು. ನಾಟಕ ನಿಂತಿತು, ಪ್ರೇಕ್ಷಕರಿಗೆ ವೇದಿಕೆ ಕಾಣುತ್ತಿರಲಿಲ್ಲ. ಪ್ರದರ್ಶನಕ್ಕೆ ತಂದಿದ್ದ ದನಗಳು ಉಸಿರು ಕಟ್ಟಿ ಸತ್ತವು. ಆಗಿನ ಲೆಕ್ಕದಲ್ಲಿ ಸತ್ತವರು ಸುಮಾರು 4,000 ಜನ, ಆಮೇಲಿನ ಅಂದಾಜಿನಲ್ಲಿ 12,000ದವರೆಗೂ. 1956ರಲ್ಲಿ ಹೊಗೆಗೆ ಕಡಿವಾಣ ಹಾಕುವ ಕಾನೂನು ಬಂತು. ರಸ್ತೆ ವಾಹನಗಳ ಪೆಟ್ರೋಲಿಗೆ ಸೀಸ ಬೆರೆಸುವುದು ಇಡೀ ಜಗತ್ತಿನಲ್ಲಿ ನಿಂತದ್ದು 2021ರಲ್ಲಷ್ಟೇ. ಆ ಸೀಸ ಮಕ್ಕಳ ಮಿದುಳಿಗೇ ಪೆಟ್ಟು ಕೊಡುತ್ತಿತ್ತು.

ಈಗ ನಮ್ಮ ಗೇಟಿನ ವಿಷಯ. ಮಕ್ಕಳು ನಾಲ್ಕು ಬಿಳಿ ಕಾರ್ಡುಗಳಿಗೆ ವ್ಯಾಸಲೀನ್ ಸವರಿ ನಾಲ್ಕು ಕಡೆ ಒಂದು ವಾರ ಅಂಟಿಸಿದ್ದರು. ಲೈಬ್ರರಿ ಕಿಟಕಿ, ಆಟದ ಮೈದಾನದ ಕಂಬ, ಮೂರನೇ ಮಹಡಿ, ಮತ್ತು ಗೇಟು. ಲೈಬ್ರರಿಯ ಕಾರ್ಡಿನಲ್ಲಿ ಬರೀ ಧೂಳು. ಗೇಟಿನ ಕಾರ್ಡು ಮಾತ್ರ ಪೆನ್ಸಿಲ್ ಉಜ್ಜಿದ ಹಾಗೆ ಬೂದಿಬಣ್ಣಕ್ಕೆ ತಿರುಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಕಪ್ಪು ಚುಕ್ಕಿ ಮೇಲೆ ಚುಕ್ಕಿ. ಇದು ಕಣ್ಣಿಗೆ ಕಾಣುವ ಮಸಿ. ಪಿಎಂ 2.5 ಅಂತ ಕರೆಯುವ ಕಣ ನಮ್ಮ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ಅದು ಕಾಣುವುದೂ ಇಲ್ಲ, ಮೂಗಿನಲ್ಲಿ ನಿಲ್ಲುವುದೂ ಇಲ್ಲ, ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ, ಅವರ ಮೂಗು ಇರುವುದೂ ಸೈಲೆನ್ಸರಿನ ಹತ್ತಿರದ ಎತ್ತರದಲ್ಲೇ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಇಂಜಿನ್ ಆಫ್ ಮಾಡದೆ ಎಷ್ಟು ಗಾಡಿ ನಿಂತಿರುತ್ತವೆ ಅಂತ ಹೊರಗೆ ಬಂದು ಎಣಿಸಿದೆ. 23. ಅದರಲ್ಲಿ ಒಂದು ಶಾಲೆಯದೇ ವ್ಯಾನು.

ಹಾಗಾಗಿ ಕೆಲವು ವಿನಂತಿ. ಯುದ್ಧದ ವಿಡಿಯೋಗಳನ್ನು ಮಕ್ಕಳ ಕೈಗೆ ಕೊಡಬೇಡಿ. ಅವರಾಗಿ ನೋಡಿಬಿಟ್ಟರೆ "ಅದೆಲ್ಲ ನಿನಗ್ಯಾಕೆ" ಅನ್ನದೆ ಪಕ್ಕದಲ್ಲಿ ಕೂತು ಮಾತಾಡಿ. ಇನ್ನು ಮುಂದೆ ಮನಸ್ಸಿಗೆ ನಾಟುವ ಚಿತ್ರ ತೋರಿಸುವುದಿದ್ದರೆ ಹಿಂದಿನ ದಿನವೇ ಡೈರಿಯಲ್ಲಿ ಬರೆದು ಕಳಿಸುತ್ತೇವೆ. ಬೇಡ ಅನಿಸಿದರೆ ಸಹಿ ಹಾಕಿ ತಿಳಿಸಿ, ಆ ಮಗುವಿಗೆ ಆ ಹೊತ್ತು ಲೈಬ್ರರಿಯಲ್ಲಿ ಬೇರೆ ಕೆಲಸ ಕೊಡುತ್ತೇವೆ. ಈ ಪ್ರಾಜೆಕ್ಟಿನ ಪ್ರದರ್ಶನ ನವೆಂಬರ್ 6ಕ್ಕೆ. ಯುದ್ಧದಲ್ಲಿ ಪರಿಸರ ಹಾಳಾಗುವುದನ್ನು ತಡೆಯಲು ವಿಶ್ವಸಂಸ್ಥೆ 2001ರಲ್ಲಿ ಗೊತ್ತು ಮಾಡಿದ ದಿನ ಅದು. ದಯವಿಟ್ಟು ಮಾಡೆಲ್ ಮಾಡೋಕೆ ಹೊಸ ಥರ್ಮಾಕೋಲ್ ತರಬೇಡಿ. ಹೋದ ವರ್ಷ ಮಾಲಿನ್ಯದ ಬಗ್ಗೆ ಮಾಡಿದ ಪ್ರದರ್ಶನ ಮುಗಿದ ಮೇಲೆ ಎರಡು ಮೂಟೆ ಥರ್ಮಾಕೋಲ್ ಉಳಿದಿತ್ತು, ಅದನ್ನು ಎಲ್ಲಿ ಹಾಕುವುದು ಅಂತ ನಮಗೇ ತಿಳಿಯಲಿಲ್ಲ. ಹಳೇ ರಟ್ಟು, ಪೇಪರು ಸಾಕು.

ಸೋಮವಾರ ಮಕ್ಕಳು ಗೇಟಿಗೆ ಹೊಸ ಬಿಳಿ ಕಾರ್ಡು ಅಂಟಿಸುತ್ತಾರೆ. ಅವತ್ತಿನಿಂದ ಶುಕ್ರವಾರದವರೆಗೆ ಮಕ್ಕಳನ್ನು ಕರೆದುಕೊಂಡು ಹೋಗೋಕೆ ಬಂದವರು ಗಾಡಿ ನಿಲ್ಲಿಸಿದ ತಕ್ಷಣ ಇಂಜಿನ್ ಆಫ್ ಮಾಡಿ. ವ್ಯಾನಿನ ಡ್ರೈವರ್‌ಗೆ ನಾನೇ ಹೇಳಿದ್ದೇನೆ. ಎರಡೂ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ಪ್ರದರ್ಶನದ ದಿನ ಬಾಗಿಲಲ್ಲೇ ತೂಗು ಹಾಕುತ್ತೇವೆ, ಬಂದು ನೋಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ

ಮರೆತಿದ್ದೆ: ಊಟ ಬಿಟ್ಟಿದ್ದ ಹುಡುಗಿ ಈಗ ಚೆನ್ನಾಗಿದ್ದಾಳೆ. ಮಗಾವಾನ ಚಾರ್ಟ್ ಬರೆಯುತ್ತಿರುವುದು ಅವಳೇ. ಹೆಗ್ಗಣದ ಮೀಸೆಗೆ ಪೊರಕೆ ಕಡ್ಡಿ ಬೇಕಂತೆ, ಯಾರ ಮನೆಯಲ್ಲಾದರೂ ಸವೆದ ಪೊರಕೆ ಇದ್ದರೆ ಕಳಿಸಿಕೊಡಿ.