ಲಾಲ್‌ಬಾಗ್ ಬಂಡೆಯ ಮೇಲೆ ಹೆಸರು ಕೆತ್ತಬೇಡಿ

ಮಾನ್ಯರೇ,

ಕಳೆದ ಭಾನುವಾರ ಊರಿಂದ ಬಂದ ಅಕ್ಕನ ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಿದ್ದೆ. ಗಾಜಿನ ಮನೆ ಮುಂದೆ ಒಂದು ಫೋಟೊ ತೆಗೆಸಿಕೊಂಡಿದ್ದೇ ತಡ, ‘ಆಯ್ತಲ್ಲ ಮಾವ, ಹೋಗೋಣ’ ಎಂದರು. ಹಾಗೆ ಬಿಡುವವನಲ್ಲ ನಾನು! 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟವಿದು, ಟಿಪ್ಪು ಹೊರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ ಎಂದು ಹೇಳಿದೆ. ಆಗ ಸುಮಾರು 40 ಎಕರೆ ಇದ್ದದ್ದು ಈಗ 240 ಆಗಿದೆ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ.

ಇಷ್ಟು ಹೇಳುವಷ್ಟರಲ್ಲಿ ಮಕ್ಕಳು ಬಂಡೆ ಹತ್ತಿಯಾಗಿತ್ತು. ನನಗೂ ಜಾಸ್ತಿ ಇಷ್ಟ ಅದೇ. ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಕಾಲ ಕೆಳಗಿನ ಕಲ್ಲಿಗೆ ಸುಮಾರು 300 ಕೋಟಿ ವರ್ಷ! ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಹೈದರನ ತೋಟ ಅದರ ಮುಂದೆ ನಿನ್ನೆ ಹುಟ್ಟಿದ ಕೂಸು, ಅಲ್ವಾ?

ಅಂಥ ಬಂಡೆಯ ಮೇಲೆ ಯಾರೋ ಸುಮ್ನೆ ತಮ್ಮ ಪ್ರೀತಿಯ ಹೆಸರು ಗೀಚಿದ್ದಾರೆ. ಸಂದಿಯಲ್ಲಿ ಚಿಪ್ಸ್ ಪೊಟ್ಟಣ ಬೇರೆ. ತೋಟದವರು ಎಷ್ಟು ಜನರ ಹಿಂದೆ ಓಡಾಡಿ ಕಾಯಲಾದೀತು? ಬಂಡೆ ಹತ್ತುವವರು ದಯವಿಟ್ಟು ಮೊಳೆ, ಚಾಕು ಜೇಬಲ್ಲೇ ಇಟ್ಟುಕೊಳ್ಳಲಿ. ಶಾಲೆಯವರು ಮಕ್ಕಳನ್ನು ಫಲಪುಷ್ಪ ಪ್ರದರ್ಶನಕ್ಕೆ ಕರೆತಂದಾಗ ಹತ್ತು ನಿಮಿಷ ಬಂಡೆಯ ಮೇಲೂ ಕೂರಿಸಿ ಈ ಕಥೆ ಹೇಳಲಿ.

– ಒಬ್ಬ ಓದುಗ, ಬೆಂಗಳೂರು