ಬರೀ ಆರ್ಡರ್ ಹೊರಡಿಸಿದ್ರೆ ಒಂದಾಗ್ಬಿಡ್ತಾರಾ?

ಮಾನ್ಯ ಸಂಪಾದಕರೇ,

ಅಮೆರಿಕದ ವರ್ಣಭೇದದ ಬಗ್ಗೆ ನಿಮ್ಮ ಪತ್ರಿಕೇಲಿ ಬಂದ ಲೇಖನ ಓದಿದೆ, ಚೆನ್ನಾಗೇ ಇತ್ತು, ಆದ್ರೆ ಕ್ಯಾಥೊಲಿಕ್ ಚರ್ಚಿನ ವಿಷಯ ಬಂದಾಗ ಬಿಷಪ್ಪರು ಆರ್ಡರ್ ಮಾಡಿದ್ರು, ಬಿಳಿಯರು ಕಪ್ಪು ಜನ ಒಟ್ಟಿಗೆ ಕೂತ್ರು ಅಂತ ಎರಡೇ ಸಾಲಲ್ಲಿ ಮುಗಿಸಿಬಿಟ್ಟಿದೀರ. ಅದು ಅಷ್ಟು ಸಲೀಸಾಗಿ ಆಗಿದ್ದಲ್ಲ ಸಾರ್.

ಮೊದಲನೇದಾಗಿ ಕಪ್ಪು ಜನ ಅಲ್ಲಿ ಆಮೇಲೆ ಬಂದು ಸೇರ್ಕೊಂಡೋರಲ್ಲ. ಅಮೆರಿಕದ ದಕ್ಷಿಣದಲ್ಲಿರೋ ನ್ಯೂ ಓರ್ಲಿಯನ್ಸ್ ಊರಿನ ಸೇಂಟ್ ಅಗಸ್ಟಿನ್ ಚರ್ಚು 1842ರಲ್ಲಿ ಶುರುವಾದಾಗ ಗುಲಾಮರಲ್ಲದ ಕಪ್ಪು ಕುಟುಂಬಗಳು ತಮ್ಮ ದುಡ್ಡಲ್ಲೇ ಬೆಂಚು ಹಿಡಿದಿದ್ವು (ಆಗೆಲ್ಲ ಬೆಂಚಿಗೂ ದುಡ್ಡು ಕಟ್ಬೇಕಿತ್ತು), ಸಾಲದ್ದಕ್ಕೆ ಗುಲಾಮರು ಕೂರ್ಲಿ ಅಂತ ಪಕ್ಕದ ಸಾಲುಗಳನ್ನೂ ಅವರೇ ಕೊಂಡು ಬಿಟ್ಟುಕೊಟ್ರು ಅಂತ ಆ ಚರ್ಚಿನ ಜನ ಇವತ್ತಿಗೂ ಹೇಳ್ತಾರೆ. ಗುಲಾಮಗಿರಿ ಇದ್ದ ಕಾಲದಲ್ಲೇ ಎಲ್ರೂ ಒಂದೇ ಸೂರಿನ ಕೆಳಗೆ ಪೂಜೆಗೆ ಕೂತಿದ್ರು. ಗುಲಾಮಗಿರಿ ಹೋಗಿ ಬಿಳಿಯರನ್ನ ಕಪ್ಪು ಜನರನ್ನ ಬೇರೆ ಬೇರೆ ಇಡೋ ಜಿಮ್ ಕ್ರೋ ಕಾನೂನುಗಳು ಬಂದ ಮೇಲೆ ನೋಡಿ, ಕಪ್ಪು ಜನಕ್ಕೇ ಅಂತ ಬೇರೆ ಚರ್ಚು, ಬಿಳಿಯರ ಚರ್ಚಿಗೆ ಹೋದ್ರೆ ಹಿಂದಿನ ಬೆಂಚು, ಪೂಜೇಲಿ ಕೊಡೋ ಪರಮಪ್ರಸಾದಕ್ಕೂ ಬಿಳಿಯರೆಲ್ಲ ತಗೊಂಡಾದ ಮೇಲೇ ಎದ್ದು ಹೋಗ್ಬೇಕು.

1953ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಜೋಸೆಫ್ ರಮ್ಮೆಲ್ ಅವರು ಬೆಂಚಲ್ಲಿ, ಪಾಪನಿವೇದನೆಲಿ, ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಜನರ ಸಮುದಾಯ) ಮೀಟಿಂಗಲ್ಲಿ ಎಲ್ಲೂ ಈ ಭೇದ ನಡಿಬಾರದು ಅಂತ ಪತ್ರ ಬರೆದ್ರು. ಜನ ಕೇಳಿದ್ರಾ? 1955ರಲ್ಲಿ ಜೆಸ್ಯೂಟ್ ಬೆಂಡ್ ಅನ್ನೋ ಊರಲ್ಲಿ ಪೂಜೆಗೆ ಬಂದ ಕಪ್ಪು ಫಾದರ್‌ನ ಚರ್ಚಿನ ಒಳಗೇ ಬಿಡ್ಲಿಲ್ಲ, ರಮ್ಮೆಲ್ ಹಾಗಿದ್ರೆ ನಿಮಗೆ ಪೂಜೆನೇ ಇಲ್ಲ ಅಂತ ಅಲ್ಲಿ ಸೇವೆನೇ ನಿಲ್ಲಿಸಿಬಿಟ್ರು. ಕ್ಯಾಥೊಲಿಕ್ ಸ್ಕೂಲುಗಳಲ್ಲಿ ಬಿಳಿ ಮಕ್ಕಳು ಕಪ್ಪು ಮಕ್ಕಳು ಒಟ್ಟಿಗೆ ಕೂರೋಕೆ 1962 ಆಯ್ತು, ಅದಕ್ಕೂ ವಿರೋಧ ಮಾಡ್ತಿದ್ದ ಲಿಯಾಂಡರ್ ಪೆರೇಜ್ ಅನ್ನೋ ದೊಡ್ಡ ರಾಜಕಾರಣಿ ಸೇರಿ ಮೂವರಿಗೆ ಚರ್ಚಿಂದಲೇ ಬಹಿಷ್ಕಾರ ಹಾಕ್ಬೇಕಾಯ್ತು. ರಮ್ಮೆಲ್ ಅವರ ಗಟ್ಟಿತನಕ್ಕೆ ನನ್ನದೂ ಒಂದು ಸಲಾಂ. ಮೇಲಿಂದ ಅಷ್ಟು ಒತ್ತದೆ ಹೋಗಿದ್ರೆ ಬಾಗಿಲು ತೆರೀತಾನೇ ಇರ್ಲಿಲ್ಲ.

ಆದ್ರೆ ನನ್ನ ತಕರಾರು ಬಾಗಿಲು ತೆರೆದ ಮೇಲಿನದ್ದು. ಅದೇ 1953ರಲ್ಲಿ ನಾರ್ತ್ ಕೆರೊಲಿನಾದ ನ್ಯೂಟನ್ ಗ್ರೋವ್ ಅನ್ನೋ ಸಣ್ಣ ಊರಲ್ಲಿ ಬಿಷಪ್ ವಿನ್ಸೆಂಟ್ ವಾಟರ್ಸ್ ಬಿಳಿಯರದ್ದೊಂದು ಕಪ್ಪು ಜನರದ್ದೊಂದು ಎರಡು ಪ್ಯಾರಿಷ್ ಸೇರಿಸಿ ಒಂದು ಮಾಡಿದ್ರು, ಬಿಳಿಯರು ಹೊರಗೆ ನಿಂತು ಗಲಾಟೆ ಮಾಡಿದ್ರೂ ಬಗ್ಗಲಿಲ್ಲ, ತಾವೇ ಖುದ್ದು ಬಂದು ನಿಂತ್ರು. ಧೈರ್ಯದ ಕೆಲಸನೇ. ಆದ್ರೆ ಮುಚ್ಚಿದ್ದು ಯಾವ ಚರ್ಚು? ಕಪ್ಪು ಜನರ ಸೇಂಟ್ ಬೆನೆಡಿಕ್ಟ್. ಮುಂದೆ ಬೇರೆ ಕಡೆನೂ ಬಹಳಷ್ಟು ಸಲ ಇದೇ ಆಗಿದ್ದು, ಒಂದು ಮಾಡ್ತೀವಿ ಅಂದಾಗ ಬಾಗಿಲು ಹಾಕಿದ್ದು ಕಪ್ಪು ಜನರ ಚರ್ಚು, ಅವರ ಸ್ಕೂಲು. ತಮ್ಮ ಚರ್ಚಲ್ಲಿ ಕ್ವಾಯರ್ (ಹಾಡೋ ತಂಡ) ನಡೆಸ್ತಿದ್ದ ಹೆಂಗಸು ಬಿಳಿಯರ ಚರ್ಚಿಗೆ ಬಂದು ಬರೀ ಕೇಳೋಳಾದ್ಲು, ಅಲ್ಲಿ ಲೆಕ್ಕ ಪತ್ರ ನೋಡ್ತಿದ್ದೋನು ಇಲ್ಲಿ ಕೊನೆ ಬೆಂಚಿನ ಅತಿಥಿ ಆದ, ಯಾರೂ ಬೈಲಿಲ್ಲ, ಯಾರೂ ಮಾತೂ ಆಡಿಸ್ಲಿಲ್ಲ. 1968ರಲ್ಲಿ ಅಮೆರಿಕದ ಕಪ್ಪು ಕ್ಯಾಥೊಲಿಕ್ ಫಾದರ್‌ಗಳು ಒಟ್ಟಿಗೆ ಸೇರಿ ನಮ್ಮ ಚರ್ಚು ಮುಖ್ಯವಾಗಿ ಬಿಳಿಯರ ಜನಾಂಗವಾದಿ ಸಂಸ್ಥೆ ಅಂತ ಬಹಿರಂಗವಾಗೇ ಹೇಳಿದ್ರು, ಇಷ್ಟೆಲ್ಲ ಆರ್ಡರ್ ಬಂದ ಮೇಲೂ! ಸುಮ್ನೆ ಹೇಳ್ತಾರಾ?

ಒಂದು ಮಾಡೋದಾದ್ರೆ ಪ್ಯಾರಿಷ್ ಕೌನ್ಸಿಲ್ಲಲ್ಲಿ ಅವರಿಗೂ ಕುರ್ಚಿ ಬೇಕು, ಅವರ ಹಾಡು ಪೂಜೇಲಿ ಬರ್ಬೇಕು, ಬಿಳಿಯರೂ ಅವರ ಚರ್ಚಿಗೆ ಹೋಗಿ ಕೂರ್ಬೇಕು, ಅವರ ಮನೇಲಿ ಸಾವಾದ್ರೆ ಹೋಗ್ಬೇಕು. ಯಾವ ಕಟ್ಟಡ ಉಳಿಸ್ಬೇಕು ಅಂತ ಬಿಷಪ್ಪರ ಆಫೀಸಲ್ಲಿ ತೀರ್ಮಾನ ಮಾಡಿ ಭಾನುವಾರ ಓದಿ ಹೇಳೋದಲ್ಲ, ಅದನ್ನ ಕಟ್ಟಿದವರನ್ನ ಮೊದಲು ಕೇಳ್ಬೇಕು. ಮುಂದಿನ ಸಲ ಇಂಥ ಲೇಖನ ಹಾಕೋವಾಗ ಆ ಮುಚ್ಚಿಹೋದ ಚರ್ಚಿನವರ ಕಡೆಯ ಮಾತೂ ನಾಲ್ಕು ಸಾಲು ಹಾಕಿ.

ಇತಿ,
ನಿಮ್ಮ ಒಬ್ಬ ಓದುಗ