ಹಟ್ಟಿಯ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಗೊಲ್ಲರಹಟ್ಟಿಯ ಬಗ್ಗೆ ನೀನು ಬರೆದ ಲೇಖನ ಓದಿದೆ. ನಿನ್ನ ಸಿಟ್ಟು ನಿಜವಾದದ್ದು. ಆದರೆ ಅಲ್ಲಿನವರನ್ನು ‘ಮೂಢರು’ ಅಂದದ್ದು ತುಂಬಾ ಜಾಸ್ತಿಯಾಯಿತು.

ತುಮಕೂರು, ಚಿತ್ರದುರ್ಗ ಕಡೆಯ ಕುರಿ, ದನ ಸಾಕುವ ಕಾಡುಗೊಲ್ಲ ಸಮುದಾಯದ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆ ಗುಡಿಸಲಿನಲ್ಲಿ ಇಡುವುದು ಪೂರ್ತಿ ನಿಂತಿಲ್ಲ. 2023ರ ಮಳೆಗಾಲದಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿಟ್ಟ ಬಾಣಂತಿಯ ಹಸುಗೂಸು ತೀರಿಕೊಂಡಿತು. ಅದನ್ನು ಒಂದೇ ಸಾಲಿನಲ್ಲಿ ಮುಗಿಸಿ, ದೇವರಿದ್ದಾನೋ ಇಲ್ಲವೋ ಅಂತ ಎರಡು ಪುಟ ವಾದ ಮಾಡಿದ್ದೀಯ. ದೇವರ ವಿಷಯ ಆಮೇಲೆ ನೋಡೋಣ. ಮೊದಲು ಗುಡಿಸಲು ತೋರಿಸು. ಕಾಲು ಚಾಚಿ ಮಲಗಲು ಜಾಗ ಇದೆಯಾ? ಮಳೆ ನೀರು ಯಾವ ಕಡೆಯಿಂದ ನುಗ್ಗುತ್ತದೆ? ಊಟ ಯಾರು ತಂದಿಡುತ್ತಾರೆ? ನಡುರಾತ್ರಿ ಮಗುವಿಗೆ ಜ್ವರ ಬಂದರೆ ಯಾರನ್ನು ಕೂಗಬೇಕು? ಆಶಾ ಕಾರ್ಯಕರ್ತೆ ಬಂದು ಹೋಗುತ್ತಾರಾ? ನಂಬುವವರೂ ನಂಬದವರೂ ಇದನ್ನು ಓದುತ್ತಾರೆ. ನೀನು ಹೇಳುವ ಮಾನವತಾವಾದ ಇಲ್ಲಿಂದ ಶುರುವಾದರೆ ಸಾಕು, ಅಲ್ವಾ?

ಇನ್ನು ಆ ಹೆಂಗಸರು ದಡ್ಡರಾಗಿ ಹೊರಗೆ ಕೂರುವುದಿಲ್ಲ. ‘ದೇವರಿಗೆ ಆಗಲ್ಲ’ ಅನ್ನುತ್ತಾರೆ ಮನೆಯವರು. ಮಾತು ಮೀರಿ ಒಳಗೆ ಬಂದರೆ, ನಾಳೆ ಕೊಟ್ಟಿಗೆಯಲ್ಲಿ ಒಂದು ಕುರಿ ಸತ್ತರೂ ಬೆರಳು ಅವಳ ಕಡೆಗೇ. ಆ ಭಯವನ್ನು ಅವಳ ಮಾತಿನಲ್ಲೇ ಬರೆ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದರು. ಪರೀಕ್ಷೆಗೆ ಬನ್ನಿ ಅಂತ ಪತ್ರ ಬರೆದದ್ದು ಸತ್ಯಸಾಯಿ ಬಾಬಾ ಅವರಿಗೆ, ಅವರ ದರ್ಶನಕ್ಕೆ ಸಾಲಿನಲ್ಲಿ ನಿಂತವರಿಗಲ್ಲ. ನಿನ್ನ ಲೇಖನದಲ್ಲಿ ಪ್ರಶ್ನೆಯೆಲ್ಲ ಸಾಲಿನಲ್ಲಿ ನಿಂತವರಿಗೇ ಬಿದ್ದಿದೆ. ಹಟ್ಟಿಯಲ್ಲಿ ಈ ಕಟ್ಟಳೆ ನಡೆಸುವವರು ಯಾರು, ದಂಡ ಹಾಕುವವರು ಯಾರು ಅನ್ನುವುದೇ ಇಲ್ಲ.

ಇನ್ನೊಂದು ವಿಷಯ. ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರಲ್ಲಿ. ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನ, ಹಾವು ಕಚ್ಚಿದವರಿಗೆ ಆಸ್ಪತ್ರೆ ತಪ್ಪಿಸಿ ಮಂತ್ರ ಹಾಕುವುದು, ಮುಟ್ಟಾದವರನ್ನು ಊರಿಂದ ದೂರ ಇಡುವುದು ಎಲ್ಲ ಅದರಲ್ಲಿ ಅಪರಾಧ. ಆದರೆ ಜ್ಯೋತಿಷ್ಯ, ವಾಸ್ತು ಸಲಹೆಗೆ ವಿನಾಯಿತಿ. ಇದು ನಿನ್ನ ಕಣ್ಣಿಗೆ ಬೀಳಲಿಲ್ಲವಾ? ವಾಸ್ತು ನೋಡಿ ಅಡುಗೆಮನೆ ಒಡೆಸುವವರು ಓದಿದವರೇ. ಅವರು ಮಾಡಿದರೆ ಸಂಸ್ಕೃತಿ, ಹಟ್ಟಿಯವರು ಮಾಡಿದರೆ ಮೌಢ್ಯ. ತಿಂಗಳಿಗೆ ಮೂರು ದಿನ ಬೇರೆ ಚಾಪೆ, ಬೇರೆ ಲೋಟ ಕೊಡುವ ಫ್ಲಾಟುಗಳೂ ನನಗೆ ಗೊತ್ತು. ಅವರಿಗೂ ಒಂದು ಪ್ಯಾರಾ ಕೊಡು. ಹಾಗಂತ ಎರಡೂ ಒಂದೇ ಅಂತ ಬರೆಯಬೇಡ. ಫ್ಲಾಟಿನಲ್ಲಿ ಸೂರು ಸೋರುವುದಿಲ್ಲ.

ಅದೇ ಹಟ್ಟಿಯ ಜನ ಗಣೆ ಅನ್ನುವ ಉದ್ದನೆಯ ಬಿದಿರಿನ ಕೊಳಲು ಊದುತ್ತಾ ತಮ್ಮ ವೀರ ಜುಂಜಪ್ಪನ ಕಥೆ ಹಾಡುತ್ತಾರೆ. ಕೂತು ಕೇಳು. ಗುಡಿಸಲು ಬೇಡ ಅನ್ನಲು ಆ ಹಾಡನ್ನು ಹಳಿಯಬೇಕಾಗಿಲ್ಲ. ನಾನು ನಾಸ್ತಿಕಳು, ಆದರೂ ಗಣೆ ಕೇಳಿದರೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ.

ಮುಂದಿನ ಸಲ ಹೋದಾಗ ಪೂಜಾರಿಯನ್ನೂ ಮಾತಾಡಿಸು. ಸುಮ್ನೆ ಜಗಳಕ್ಕೆ ಹೋಗಬೇಡ. ಗುಡಿಸಲನ್ನು ಬಿಟ್ಟು ಮನೆಯೊಳಗೇ ಉಳಿದ ಹೆಂಗಸರು ಅಲ್ಲಿ ಇದ್ದಾರಾ ಅಂತ ವಿಚಾರಿಸು. ಸಿಕ್ಕರೆ, ಲೇಖನವನ್ನು ಅವರಿಂದಲೇ ಶುರು ಮಾಡಿ ಮತ್ತೆ ಕಳಿಸು.

ನಿನ್ನ ಅಕ್ಕ